ಮಗಳಿಗೊಂದು ಪತ್ರ: ನನ್ನನ್ನ ಎತ್ಕೊಂಡು ಹೋಗೋದು ಬೇಡ

ಪುಟ್ಟೀ,

ಕಾಲೇಜ್ ಫಂಕ್ಷನ್‌ಗೆ ಅಂತ ನೀನು ನನ್ನ ಬಗ್ಗೆ ಬರೆದಿರೋ ಭಾಷಣ ಓದ್ದೆ. ಚೆನ್ನಾಗೇ ಇದೆ, ನಿಮ್ಮಮ್ಮ ಅಂತೂ ಕಣ್ಣೊರೆಸ್ಕೊಂಡ್ಳು, ಆದ್ರೆ "ಶತ್ರುಗಳ ಗುಂಡಿಗೆ ಎದೆಯೊಡ್ಡಿದ ವೀರಯೋಧ" ಅನ್ನೋ ಲೈನ್ ತೆಗೆದ್ಬಿಡು. ನನಗೆ ಯಾವ ಗುಂಡೂ ಬಿದ್ದಿಲ್ಲ ಕಣೇ, ನಮ್ಮ ಗಾಡಿ ರಸ್ತೆ ಬಿಟ್ಟು ಕಂದಕಕ್ಕೆ ಉರುಳ್ತು, ಬೆನ್ನುಹುರಿಗೆ ಪೆಟ್ಟಾಯ್ತು, ಎದೆಯಿಂದ ಕೆಳಗೆ ಸ್ವಾಧೀನ ಹೋಯ್ತು, ಅಷ್ಟೇ.

ಇನ್ನೊಂದು ವಿಷ್ಯ, ಭಾಷಣದ ತುಂಬ ಛಲ ಛಲ ಅಂತಾನೇ ಬರ್ದಿದೀಯ. ಛಲದಿಂದ ಬೆಡ್‌ಸೋರ್, ಅಂದ್ರೆ ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ಆಗೋ ಹುಣ್ಣು, ವಾಸಿ ಆಗಲ್ಲ. ಹಿಂದೆಲ್ಲ ಬೆನ್ನುಹುರಿ ಮುರಿದ ಸೈನಿಕರು ಸ್ವಲ್ಪ ದಿನದಲ್ಲೇ ಸತ್ತೋಗ್ತಿದ್ರು, ಛಲ ಇಲ್ದೆ ಅಲ್ಲ, ಹುಣ್ಣು ನಂಜಾಗಿ, ಮೂತ್ರದ ಇನ್ಫೆಕ್ಷನ್ ಆಗಿ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಲಿ 1944ರಲ್ಲಿ ಡಾಕ್ಟರ್ ಲುಡ್ವಿಗ್ ಗುಟ್‌ಮನ್ ಬಂದು, ರಾತ್ರಿ ಹಗಲು ಎರಡೆರಡು ಗಂಟೆಗೊಮ್ಮೆ ಇವರನ್ನ ಮಗ್ಗುಲು ಬದಲಿಸಿ ಮಲಗಿಸ್ಬೇಕು ಅಂತ ಹಠ ಹಿಡಿದ್ರು, ಆಮೇಲೆ ಆಟಾನೂ ಟ್ರೀಟ್‌ಮೆಂಟಿಗೇ ಸೇರಿಸಿದ್ರು. 1948ರ ಜುಲೈ 29ಕ್ಕೆ, ಲಂಡನ್ ಒಲಿಂಪಿಕ್ಸ್ ಶುರುವಾದ ದಿನಾನೇ, ಅಲ್ಲಿ 16 ಜನ ಮಾಜಿ ಸೈನಿಕರು ವೀಲ್‌ಚೇರಲ್ಲಿ ಕೂತು ಬಿಲ್ಲು ಹಿಡಿದ್ರು. ಇವತ್ತಿನ ಪ್ಯಾರಾಲಿಂಪಿಕ್ಸ್ ಬೆಳೆದಿದ್ದು ಅಲ್ಲಿಂದ.

ವೀರಯೋಧನೇ ಬೇಕು ಅಂದ್ರೆ ಮುರಳಿಕಾಂತ್ ಪೇಟ್ಕರ್ ಬಗ್ಗೆ ಬರಿ. ಸೈನ್ಯದಲ್ಲಿ ಬಾಕ್ಸರ್ ಆಗಿದ್ರು, 1965ರ ಯುದ್ಧದಲ್ಲಿ ಗುಂಡು ತಿಂದ್ರು, 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗಲ್ಲಿ 50 ಮೀಟರ್ ಈಜಲ್ಲಿ ಚಿನ್ನ ಹೊಡೆದ್ರು, ಪ್ಯಾರಾಲಿಂಪಿಕ್ಸಲ್ಲಿ ನಮ್ಮ ದೇಶಕ್ಕೆ ಅದೇ ಮೊದಲ ಚಿನ್ನ. ಪದ್ಮಶ್ರೀ ಬಂದಿದ್ದು ಯಾವಾಗ ಗೊತ್ತಾ, 2018ರಲ್ಲಿ! ನಾವು ಚಪ್ಪಾಳೆ ಹೊಡಿಯೋದ್ರಲ್ಲಿ ಮುಂದು, ಲೆಕ್ಕಕ್ಕೆ ತಗೊಳ್ಳೋದ್ರಲ್ಲಿ ಇಷ್ಟು ಲೇಟು.

ನನಗೆ ವೀಲ್‌ಚೇರ್ ಬಾಸ್ಕೆಟ್‌ಬಾಲ್ ಯಾಕಿಷ್ಟ ಅಂತ ಕೇಳ್ತಿದ್ಯಲ್ಲ. ಕೋರ್ಟಲ್ಲಿ ಯಾರೂ ಅಯ್ಯೋ ಪಾಪ ಅನ್ನಲ್ಲ. ಬಾಸ್ಕೆಟ್ಟು ಅದೇ 10 ಅಡಿ ಎತ್ತರ, ಚಕ್ರ ಎರಡು ಸಲ ತಳ್ಳಿದ ಮೇಲೆ ಬಾಲ್ ನೆಲಕ್ಕೆ ಬಡೀಬೇಕು, ಇಲ್ಲ ಪಾಸ್ ಮಾಡ್ಬೇಕು, ಇಲ್ಲ ಬಾಸ್ಕೆಟ್ಟಿಗೆ ಎಸೀಬೇಕು, ಇಲ್ಲಾಂದ್ರೆ ವಿಷಲ್. ಮೈಯಲ್ಲಿ ಎಷ್ಟು ಹಿಡಿತ ಇದೆ ಅನ್ನೋದರ ಮೇಲೆ ಒಬ್ಬೊಬ್ಬರಿಗೂ 1ರಿಂದ 4.5ರವರೆಗೆ ಪಾಯಿಂಟು, ಹಿಡಿತ ಕಮ್ಮಿ ಇದ್ದಷ್ಟೂ ಪಾಯಿಂಟು ಕಮ್ಮಿ, ಆಡೋ ಐದು ಜನರದ್ದು ಕೂಡಿಸಿದ್ರೆ 14 ದಾಟಂಗಿಲ್ಲ. ನಾನು 1 ಪಾಯಿಂಟಿನವನು, ಸೊಂಟಕ್ಕೆ ಬೆಲ್ಟ್ ಬಿಗೀದೇ ಇದ್ರೆ ಮುಂದಕ್ಕೆ ಮುಗ್ಗರಿಸ್ತೀನಿ, ಆದ್ರೆ ನನ್ನಂಥವರು ಇಲ್ದೆ ಕೋಚಿನ ಲೆಕ್ಕ ಕೂಡಲ್ಲ. ನನ್ನ ಕೆಲಸ ಬಾಸ್ಕೆಟ್ ಹಾಕೋದಲ್ಲ, ಎದುರು ಟೀಮಿನ ಎತ್ತರದವನ ಚೇರಿಗೆ ನನ್ನ ಚೇರ್ ಅಡ್ಡ ಕೊಟ್ಟು ಅವನನ್ನ ಅಲ್ಲೇ ಲಾಕ್ ಮಾಡೋದು. ಆ ಠಣ್ ಅನ್ನೋ ಸದ್ದು ಇದ್ಯಲ್ಲ, ಆಹಾ!

ಈ ಆಟಕ್ಕೆ ಅಂತ ಊರೂರು ತಿರುಗಿದ ಮೇಲೇ ನಾವು ಜಗಳಗಂಟರಾಗಿದ್ದು. ಲಾಡ್ಜಿನ ಬಾತ್‌ರೂಮ್ ಬಾಗಿಲಲ್ಲಿ ಚೇರ್ ತೂರಲ್ಲ, ಸ್ಟೇಡಿಯಮ್ಮಿಗೆ ಮೆಟ್ಟಿಲು, ಒಬ್ಬನೇ ಇದ್ರೆ ಸಾರಿ ಸಾರ್ ಅಂತ ಕಳಿಸ್ಬಿಡ್ತಾರೆ, ಹತ್ತು ಚೇರ್ ಒಟ್ಟಿಗೆ ಬಾಗಿಲಲ್ಲಿ ನಿಂತ್ರೆ ಮ್ಯಾನೇಜರೇ ಓಡ್ಬರ್ತಾನೆ. ಅಮೇರಿಕಾದಲ್ಲಿ ನನ್ನ ಥರಾನೇ ಬೆನ್ನುಹುರಿ ಪೆಟ್ಟಾಗಿ ಸ್ವಾಧೀನ ಹೋದ ಮಾಜಿ ಸೈನಿಕರು 1946ರಲ್ಲೇ ಸಂಘ ಕಟ್ಕೊಂಡು ಹಿಂಗೇ ಬೆನ್ನುಬಿದ್ರು, 1968ಕ್ಕೆ ಅಲ್ಲಿ ಕೇಂದ್ರ ಸರ್ಕಾರದ ಕಟ್ಟಡಗಳಲ್ಲಿ ಅಂಗವಿಕಲರು ಓಡಾಡೋ ಹಾಗಿರ್ಬೇಕು ಅಂತ ಕಾನೂನೇ ಬಂತು. ನಮ್ಮಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ, ಸರ್ಕಾರದ ಮಾನ್ಯತೆ ಇರೋ ಕಾಲೇಜುಗಳೂ ಅದರಲ್ಲಿ ಬರ್ತವೆ.

ಅದಕ್ಕೇ ಹೇಳ್ತಿರೋದು, ಎನ್‌ಸಿಸಿ ಹುಡುಗ್ರು ನಾಲ್ಕು ಜನ ನನ್ನನ್ನ ಚೇರ್ ಸಮೇತ ಸ್ಟೇಜ್ ಮೇಲೆ ಎತ್ತಿಡ್ತಾರೆ ಅಂದ್ಯಲ್ಲ, ಅದು ಬೇಡ. ಒಬ್ಬ ಕೈಬಿಟ್ರೆ ನನ್ನ ಗತಿ ಏನು, ಕಾಲು ಮುರಿದ್ರೂ ನನಗೆ ನೋವು ಗೊತ್ತಾಗಲ್ಲ. ರ‍್ಯಾಂಪ್ ಹಾಕಿಸಿ ಅಂತ ಪ್ರಿನ್ಸಿಪಾಲರಿಗೆ ಒಂದು ಲೆಟರ್ ಕೊಡು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ನಿಮ್ಮ ಸ್ಟೇಜ್ 3 ಅಡಿ ಇದ್ರೆ 36 ಅಡಿ ಆಯ್ತು, ಬರೀ ಹಲಗೆ ಒರಗಿಸಿ ಇದೇ ರ‍್ಯಾಂಪ್ ಅಂದ್ರೆ ನಾನು ಹಿಂದಕ್ಕೆ ಮಗುಚ್ತೀನಿ. ಅಷ್ಟು ಜಾಗ ಇಲ್ಲ ಅಂದ್ರೆ ಮೈಕ್ ಕೆಳಗೆ ಇಡಿಸು, ಗೆಸ್ಟುಗಳೆಲ್ಲ ಕೆಳಗೇ ಕೂತ್ಕೊಳ್ಳಲಿ.

ಮತ್ತೆ ಟಾಯ್ಲೆಟ್ ಬಾಗಿಲಿನ ಅಗಲ ಟೇಪ್ ಹಿಡಿದು ನೋಡಿ ಇವತ್ತೇ ಮೆಸೇಜ್ ಹಾಕು. ಚೇರ್ ಹೋಗಲ್ಲ ಅಂದ್ರೆ ನಾನು ಬೆಳಿಗ್ಗೆಯಿಂದ ನೀರು ಕುಡೀದೇ ಬರ್ಬೇಕಾಗುತ್ತೆ, ಆಮೇಲೆ ಡಾಕ್ಟ್ರ ಹತ್ರ ಬೈಸ್ಕೊಳ್ಳೋನು ನಾನು.

ನಿನ್ನ ಅಪ್ಪ