ಆ ರಾತ್ರಿ ಜೊತೆಗಿದ್ದವರಿಗೆ

ಆಫ್ರಿಕಾದ ನಮೀಬಿಯಾ ಪ್ರವಾಸದ ನಡುವೆ ಅಮ್ಮನ ಸ್ಥಿತಿ ಹದಗೆಟ್ಟು, ರಾತ್ರೋರಾತ್ರಿ ಅವರನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಅವರಿಗೆ ಏನಾಯಿತೆಂಬುದು ಇದನ್ನು ಓದುವ ಹೆಚ್ಚಿನವರಿಗೆ ತಿಳಿದೇ ಇರುವುದರಿಂದ ಅದನ್ನು ಮತ್ತೆ ವಿವರಿಸುವುದಿಲ್ಲ. ಅವರೀಗ ಮೈಸೂರಿನ ಮನೆಯಲ್ಲಿ, ಕಾಫಿಗೆ ಸಕ್ಕರೆ ಸಾಲದೆಂದು ಗೊಣಗುವಷ್ಟು ಗೆಲುವಾಗಿದ್ದಾರೆ.

ನಾವು ಅಂದು ತಂಗಿದ್ದುದು ಅಟ್ಲಾಂಟಿಕ್ ಕರಾವಳಿಯ ಕೇಪ್ ಕ್ರಾಸ್ ಸಮೀಪದಲ್ಲಿ. 1486ರಲ್ಲಿ ಪೋರ್ಚುಗೀಸ್ ನಾವಿಕ ಡಿಯೊಗೊ ಕಾವ್ ಶಿಲುಬೆ ನೆಟ್ಟ ಆ ತೀರದಲ್ಲಿ ಸೀಲ್ ಎಂಬ ಕಡಲ ಪ್ರಾಣಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕಂಡು, ಅವುಗಳ ನಾತಕ್ಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನಕ್ಕಿದ್ದ ಅಮ್ಮ, ರಾತ್ರಿಯ ಹೊತ್ತಿಗೆ ಮಾತನಾಡುವ ಸ್ಥಿತಿಯಲ್ಲಿರಲಿಲ್ಲ. ಸ್ವಾಕೋಪ್‌ಮುಂಡ್‌ನ ಆಸ್ಪತ್ರೆಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರವಿತ್ತು. ಆ ಕರಾವಳಿಯುದ್ದಕ್ಕೂ ಹರಿಯುವ ಬೆಂಗುವೆಲಾ ಎಂಬ ತಣ್ಣನೆಯ ಸಾಗರ ಪ್ರವಾಹದ ಮೇಲೆ ಹುಟ್ಟುವ ಮಂಜು ಆಗಲೇ ದಡಕ್ಕೆ ಕವಿದಿತ್ತು. ಅಲ್ಲಿನ ರಸ್ತೆ ಜಿಪ್ಸಮ್ ಮತ್ತು ಉಪ್ಪುನೀರು ಬೆರೆಸಿ ಗಟ್ಟಿ ಮಾಡಿದ್ದು. ಒಣಗಿದ್ದಾಗ ಡಾಂಬರಿನಂತಿರುವ ಅದು ಮಂಜಿಗೆ ಒದ್ದೆಯಾದರೆ ವಿಪರೀತ ಜಾರುತ್ತದೆ.

ನಮ್ಮವರು ಕೀಲಿ ಕೈಗೆತ್ತಿಕೊಂಡಾಗ, ಅತಿಥಿಗೃಹದ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ದಾಮರಾ ಸಮುದಾಯದ ಮಹಿಳೆಯೊಬ್ಬರು, ಈ ದಾರಿ ನಿಮಗೆ ಹೊಸದು ಎಂದಷ್ಟೇ ಹೇಳಿ, ಅದನ್ನು ಇಸಿದುಕೊಂಡು ತಾವೇ ಚಾಲಕರ ಸೀಟಿನಲ್ಲಿ ಕುಳಿತರು. ಹೆಸರು ಬರೆಯುವುದು ಬೇಡವೆಂದು ಅವರು ಕೇಳಿಕೊಂಡಿರುವುದರಿಂದ ಇಲ್ಲಿ ಬರೆದಿಲ್ಲ. ದೀಪವನ್ನು ತಗ್ಗಿಸಿ, ಒಮ್ಮೆಯೂ ಅವಸರದಿಂದ ಬ್ರೇಕ್ ಒತ್ತದೆ, ದಾರಿಯುದ್ದಕ್ಕೂ ಅವರು ಅಮ್ಮನೊಡನೆ ತಮ್ಮ ಖೋಯಿಖೋಯಿ ಭಾಷೆಯಲ್ಲಿ ಮಾತನಾಡುತ್ತಲೇ ಇದ್ದರು. ದಾರಿಯಲ್ಲಿ ಸಿಗುವ ಹೆಂಟೀಸ್ ಬೇ ಊರನ್ನು ದಾಟಿದ ಮೇಲೆ, ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದ ಅಮ್ಮ ಕರೆದರೂ ಕಣ್ಣು ತೆರೆಯದೆ ಹೋದಾಗ, ನಾನು ಅವರನ್ನು ಇಷ್ಟು ದೂರ ಏಕೆ ಕರೆತಂದೆನೆಂದು ಜೋರಾಗಿ ಅತ್ತೆ. ಈಗಲೂ ಅದನ್ನು ನೆನೆದರೆ ಕೈ ನಡುಗುತ್ತದೆ. ಆಕೆ ಸಮಾಧಾನದ ಮಾತೇನೂ ಹೇಳಲಿಲ್ಲ. ಉಸಿರು ಎಣಿಸಿ ಹೇಳುತ್ತಿರು ಎಂದರು, ನಾನು ಎಣಿಸಿದೆ. ಬೆಳಗಿನ ಅಡುಗೆಯ ಪಾಳಿಗೆ ಮರಳಬೇಕಿದ್ದರೂ, ವೈದ್ಯರು ಹೊರಗೆ ಬಂದು ಮಾತನಾಡುವವರೆಗೆ ನಮ್ಮ ಮಗಳನ್ನು ಹೆಗಲ ಮೇಲೆ ಮಲಗಿಸಿಕೊಂಡು ಅಲ್ಲೇ ಕುಳಿತಿದ್ದರು. ಪೆಟ್ರೋಲಿಗೆಂದು ಕೊಟ್ಟ ಹಣವನ್ನೂ ಮುಟ್ಟಲಿಲ್ಲ. ಬಲವಂತ ಮಾಡಿ ಅವರಿಗೆ ನೋವುಂಟುಮಾಡಿದೆನೇನೋ ಎಂಬ ಅಳುಕು ನನಗಿದೆ.

ಸ್ವಾಕೋಪ್‌ಮುಂಡ್‌ನ ವೈದ್ಯರು ಮತ್ತು ದಾದಿಯರು, ಅನ್ನ ಸಾರು ತಂದುಕೊಟ್ಟ ವಾಲ್ವಿಸ್ ಬೇಯ ಭಾರತೀಯ ಕುಟುಂಬ, ಹಿಂತಿರುಗುವ ಟಿಕೆಟ್‌ಗಾಗಿ ಓಡಾಡಿದ ಗೆಳೆಯರು, ಊರಿನಲ್ಲಿ ಮನೆ ನೋಡಿಕೊಂಡ ಚಿಕ್ಕಪ್ಪ, ಎಲ್ಲರಿಗೂ ನಾವು ಋಣಿಗಳು.

ಆ ರಾತ್ರಿಯದು ಅಮ್ಮನಿಗೆ ಏನೂ ನೆನಪಿಲ್ಲ, ಕಾರು ಓಡಿಸಿದ ಆ ಮಹಿಳೆಯ ಭಾಷೆಯಲ್ಲಿ ನಾಲಿಗೆಯಿಂದ ಹೊರಡುವ ಲೊಚಗುಟ್ಟುವ ಸದ್ದೊಂದನ್ನು ಬಿಟ್ಟು. ಮೊನ್ನೆ ವಿಡಿಯೊ ಕರೆಯಲ್ಲಿ ಅದನ್ನು ಅನುಕರಿಸಿ ತೋರಿಸಿದಾಗ ಆಕೆ ಬಿದ್ದು ಬಿದ್ದು ನಕ್ಕು, ಉಚ್ಚಾರ ತಪ್ಪೆಂದು ತಿದ್ದಿದರು.