ಸ್ವಯಂ ಆರೈಕೆ ಕಲಿಸಲೂ ತರಬೇತಿ ಬೇಕು

ಮಾನ್ಯರೇ,

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ. ಅವರು ವೈದ್ಯರೆದುರು ಕೂರುವುದು ತಿಂಗಳಿಗೋ ಮೂರು ತಿಂಗಳಿಗೋ ಕೆಲವೇ ನಿಮಿಷ. ಉಳಿದಂತೆ ಊಟ, ಮಾತ್ರೆ, ಪಾದದ ಆರೈಕೆಯನ್ನೆಲ್ಲ ತಾವೇ ನೋಡಿಕೊಳ್ಳಬೇಕು.

ನನ್ನ ತಾಯಿ ಎರಡು ವರ್ಷ ಹೊಕ್ಕುಳಿನ ಬಲಬದಿಯ ಒಂದೇ ಜಾಗಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಅಲ್ಲಿ ಗಂಟುಕಟ್ಟಿ, ಔಷಧ ಸರಿಯಾಗಿ ಮೈಗೆ ಹತ್ತದೆ ಸಕ್ಕರೆ ಏರಿದಾಗಲೆಲ್ಲ ಡೋಸ್ ಹೆಚ್ಚಿಸಲಾಯಿತೇ ಹೊರತು, ಎಲ್ಲಿ ಚುಚ್ಚಿಕೊಳ್ಳುತ್ತೀರಿ ಎಂದು ಯಾರೂ ಕೇಳಲಿಲ್ಲ. ಕೊನೆಗೆ ನರ್ಸ್ ಒಬ್ಬರು ಹೊಟ್ಟೆ ಮುಟ್ಟಿ ನೋಡಿ, ಜಾಗ ಬದಲಿಸುವುದನ್ನು ತೋರಿಸಿಕೊಟ್ಟರು.

ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯಡಿ ಮನೆಬಾಗಿಲಲ್ಲೇ ಬಿಪಿ, ಶುಗರ್ ತಪಾಸಣೆ ನಡೆಯುತ್ತಿರುವುದು ಸ್ವಾಗತಾರ್ಹ. ಆದರೆ ‘ಅನ್ನ ಬಿಡಿ, ವಾಕಿಂಗ್ ಮಾಡಿ’ ಎಂಬ ಉಪದೇಶದಿಂದ (ಅದನ್ನು ಕೇಳದ ರೋಗಿಯೇ ಇಲ್ಲ) ಹೆಚ್ಚೇನೂ ಆಗದು. ಮುದ್ದೆಯ ಗಾತ್ರ ಎಷ್ಟಿರಬೇಕು, ಸಕ್ಕರೆ ತೀರಾ ಇಳಿದು ಬೆವರು, ನಡುಕ ಬಂದರೆ ಏನು ಮಾಡಬೇಕು ಎಂಬುದನ್ನು ರೋಗಿಯ ಮಾತು ಆಲಿಸಿ ಹೇಳಿಕೊಡುವ, ಹೇಳಿದ್ದನ್ನು ಅವರಿಂದಲೇ ಮಾಡಿಸಿ ನೋಡುವ ತರಬೇತಿಯನ್ನು ವೈದ್ಯರಿಗೂ, ಸಮುದಾಯ ಆರೋಗ್ಯ ಅಧಿಕಾರಿಗಳಿಗೂ, ಆಶಾ ಕಾರ್ಯಕರ್ತೆಯರಿಗೂ ಆರೋಗ್ಯ ಇಲಾಖೆ ನೀಡಬೇಕು.

– ಓದುಗ, ತುಮಕೂರು