ಧೈರ್ಯ ಬರಲಿ ಅಂತ ಕಾಯಬೇಡ

ಚಿ. ಅನನ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಆರು ವರ್ಷ ಪಳಗಿದ ಅಕೌಂಟ್ಸ್ ವಿಭಾಗವನ್ನು ಇನ್ನೊಂದರ ಜೊತೆ ಸೇರಿಸಿದ್ದಾರೆ, ನಿನ್ನನ್ನು ಡೇಟಾ ವಿಶ್ಲೇಷಣೆಯ ತಂಡಕ್ಕೆ ಹಾಕಿದ್ದಾರೆ. ಅಲ್ಲಿರುವವರೆಲ್ಲ ನಿನಗಿಂತ ಚಿಕ್ಕವರು, ನಿನಗಿಂತ ಚುರುಕು. ಮೀಟಿಂಗಿನಲ್ಲಿ ಬಾಯಿ ತೆರೆಯಲು ಅಂಜಿಕೆ. ಇದೆಲ್ಲ ಸಹಜವೇ. ನನ್ನ ತಕರಾರಿರುವುದು ನೀನು ಕೊನೆಯಲ್ಲಿ ಬರೆದ ಒಂದು ಸಾಲಿಗೆ ಮಾತ್ರ: "ಮೊದಲು ಆತ್ಮವಿಶ್ವಾಸ ಬರಲಿ, ಆಮೇಲೆ ಜವಾಬ್ದಾರಿಯ ಕೆಲಸ ಕೇಳುತ್ತೇನೆ." ಹಾಗೆ ಕಾಯುತ್ತ ಕೂತರೆ ಅದು ಬರುವುದಿಲ್ಲ ಕಣಮ್ಮ. ಮೊದಲು ಕೆಲಸ, ಧೈರ್ಯ ಅದರ ಹಿಂದೆ ಬರುತ್ತದೆ.

ಇದನ್ನು ಮುದುಕರ ಮಾತು ಅಂತ ತಳ್ಳಿಹಾಕಬೇಡ. ಆಲ್ಬರ್ಟ್ ಬಂಡೂರ ಎಂಬ ಮನೋವಿಜ್ಞಾನಿ "ಇದು ನನ್ನಿಂದ ಆಗುತ್ತದೆ" ಎಂಬ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು 1977ರಲ್ಲೇ ವಿಂಗಡಿಸಿ ತೋರಿಸಿದರು. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ಕಂಡದ್ದು, ಇತರರ ಹುರಿದುಂಬಿಸುವ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಈ ನಾಲ್ಕರಲ್ಲಿ ಮೊದಲನೆಯದಕ್ಕೇ ಹೆಚ್ಚು ಬಲ. ಹಾವೆಂದರೆ ನಡುಗುವವರನ್ನು ಕರೆತಂದು ಅವರು ಪರೀಕ್ಷೆಯನ್ನೂ ಮಾಡಿದ್ದರು. ಕೆಲವರು ಬೇರೊಬ್ಬರು ಹಾವು ಹಿಡಿಯುವುದನ್ನು ನೋಡಿದರು ಅಷ್ಟೆ. ಕೆಲವರು ನೆರವಿನ ಜೊತೆ ಹಂತಹಂತವಾಗಿ ತಾವೇ ಮುಟ್ಟಿ, ಹಿಡಿದು ನೋಡಿದರು. ಭಯ ಹೆಚ್ಚು ಇಳಿದದ್ದು ಕೈಯಲ್ಲಿ ಹಿಡಿದವರಿಗೆ. ಮಾತಿನ ಹುರುಪು ಬೇಗ ಇಳಿದುಹೋಗುತ್ತದೆ. ಆ ಲೆಕ್ಕಕ್ಕೆ ನನ್ನ ಈ ಪತ್ರದ ಬೆಲೆಯೂ ಅಷ್ಟಕ್ಕಷ್ಟೇ, ನನಗೆ ಗೊತ್ತು. ಆದ್ದರಿಂದ ಹೊಗಳಿಕೆ ಬಿಟ್ಟು ನೇರವಾಗಿ ಮಾಡಬೇಕಾದ್ದನ್ನೇ ಹೇಳುತ್ತೇನೆ.

ಈ ವಾರವೇ ನಿನ್ನ ಹೊಸ ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಕೇಳಿ ತೆಗೆದುಕೋ. "ಮೂರು ತಿಂಗಳ ಹೊತ್ತಿಗೆ ನಾನು ಏನೇನು ಮಾಡುತ್ತಿದ್ದರೆ ನಿಮಗೆ ಸಮಾಧಾನ?" ಅಂತ ಕೇಳು. ಉತ್ತರವನ್ನು ಬರೆದುಕೊಂಡು, ಅದೇ ದಿನ ಅವರಿಗೆ ಇಮೇಲ್ ಮಾಡು. ಅರ್ಧ ಅಂಜಿಕೆ ಹುಟ್ಟುವುದೇ ಅಳತೆ ಯಾವುದೆಂದು ತಿಳಿಯದೆ ಇರುವುದರಿಂದ. ಅವರಿಗೂ ತಿಳಿದಿಲ್ಲ ಅಂತ ಗೊತ್ತಾದರೆ ಅದೂ ಒಂದು ಲಾಭವೇ, ಆಗ ಅಳತೆಯನ್ನು ನೀನೇ ಸೂಚಿಸಬಹುದು. ಆಮೇಲೆ ಒಂದು ಚಿಕ್ಕ ಕೆಲಸ ಆರಿಸಿಕೋ. ಎರಡು ವಾರದಲ್ಲಿ ಮುಗಿಯುವಂಥದ್ದಿರಲಿ, ಮುಗಿದಾಗ ನಾಲ್ಕು ಜನಕ್ಕೆ ಉಪಯೋಗಕ್ಕೆ ಬರುವಂಥದ್ದಿರಲಿ. ಪೂರ್ತಿ ಮುಗಿಸಿ ತೋರಿಸು. ಅರ್ಧ ಮಾಡಿಟ್ಟ ಐದು ಕೆಲಸಕ್ಕಿಂತ ಅದು ನಿನಗೆ ಹೆಚ್ಚು ಬಲ ಕೊಡುತ್ತದೆ. ಗೊತ್ತಿಲ್ಲದ್ದನ್ನು ಈಗಲೇ ಕೇಳಿಬಿಡು. ಹೊಸಬಳು ಕೇಳಿದ ಪ್ರಶ್ನೆಗೆ ಯಾರೂ ಮುಖ ಸಿಂಡರಿಸುವುದಿಲ್ಲ. ಅದೇ ಪ್ರಶ್ನೆ ವರ್ಷ ಕಳೆದ ಮೇಲೆ ಕೇಳಲು ನಿನಗೇ ಮುಜುಗರವಾಗುತ್ತದೆ.

ಶುಕ್ರವಾರ ಸಂಜೆ ಹತ್ತು ನಿಮಿಷ ಕೂತು ಆ ವಾರ ಏನು ಮಾಡಿದೆ, ಏನು ಕಲಿತೆ ಅಂತ ನಾಲ್ಕು ಸಾಲು ಬರೆದಿಡು. ಮನಸ್ಸು ಅವಮಾನವನ್ನು ಜೋಪಾನ ಮಾಡಿಟ್ಟುಕೊಳ್ಳುತ್ತದೆ, ಮುಗಿಸಿದ ಕೆಲಸವನ್ನು ಮರೆತುಬಿಡುತ್ತದೆ. ಅಪ್ರೈಸಲ್ ಬಂದಾಗ ಆ ಪುಸ್ತಕವೇ ನಿನ್ನ ಪರವಾಗಿ ಮಾತಾಡುತ್ತದೆ.

"ನಾನು ಇಲ್ಲಿಗೆ ಲಾಯಕ್ಕಿಲ್ಲ, ಒಂದು ದಿನ ಎಲ್ಲರಿಗೂ ಗೊತ್ತಾಗಿಬಿಡುತ್ತದೆ" ಅಂತ ಬರೆದಿದ್ದೀಯಲ್ಲ, ಅದು ನಿನ್ನೊಬ್ಬಳ ಕಾಯಿಲೆಯಲ್ಲ. ಪಾಲಿನ್ ಕ್ಲಾನ್ಸ್, ಸುಝನ್ ಐಮ್ಸ್ ಎಂಬಿಬ್ಬರು ಮನೋವಿಜ್ಞಾನಿಗಳು 1978ರಲ್ಲೇ ಇದರ ಬಗ್ಗೆ ಬರೆದರು. ಅವರು ಅದನ್ನು ಕಂಡದ್ದು ಸೋತವರಲ್ಲಲ್ಲ, ಓದಿನಲ್ಲಿ, ವೃತ್ತಿಯಲ್ಲಿ ಹೆಸರು ಮಾಡಿದ ಹೆಂಗಸರಲ್ಲಿ.

ಇನ್ನೊಂದು ಸಂಗತಿ ನೀನು ಬರೆದಿಲ್ಲ, ಆದರೆ ಸಾಲುಗಳ ನಡುವೆ ಕಾಣಿಸಿತು. ಹಳೆಯ ವಿಭಾಗದಲ್ಲಿ ಏನೇ ತೊಡಕಾದರೂ ಎಲ್ಲರೂ ನಿನ್ನ ಮೇಜಿಗೆ ಬರುತ್ತಿದ್ದರು. ಈಗ ನೀನು ಬೇರೆಯವರ ಮೇಜಿಗೆ ಹೋಗಬೇಕು. ನಿನ್ನನ್ನು ಕೊರೆಯುತ್ತಿರುವುದು ಹೊಸ ಸಾಫ್ಟ್‌ವೇರ್‌ಗಿಂತ ಹೆಚ್ಚಾಗಿ ಇದೇ ಅಂತ ನನ್ನ ಊಹೆ. ಈ ದುಃಖವನ್ನು ಅಲ್ಲಗಳೆಯಬೇಡ, ಅದಕ್ಕೂ ಸ್ವಲ್ಪ ದಿನ ಕೊಡು. ಆದರೆ ಕಲಿತದ್ದೆಲ್ಲ ನೀರುಪಾಲಾಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪರ್ಸನಲ್ ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಎಂಬ ಮೊದಲ ಸ್ಪ್ರೆಡ್‌ಶೀಟ್ ಬಂದದ್ದು 1979ರಲ್ಲಿ. ಕೂಡುವ ಕಳೆಯುವ ಕೆಲಸ ಯಂತ್ರಕ್ಕೆ ಹೋಯಿತು. ಯಾವ ಅಂಕಿಯನ್ನು ನಂಬಬಾರದು ಎಂದು ಹೇಳುವ ಕಣ್ಣು ಮನುಷ್ಯರಲ್ಲೇ ಉಳಿಯಿತು. ನಿನ್ನ ತಂಡದ ಹುಡುಗರು ಚಿಟಿಕೆ ಹೊಡೆಯುವಷ್ಟರಲ್ಲಿ ಗ್ರಾಫ್ ತೆಗೆಯಬಹುದು. ವರ್ಷದ ಕೊನೆಯ ತಿಂಗಳಲ್ಲಿ ಮಾರಾಟ ಯಾಕೆ ಉಬ್ಬುತ್ತದೆ, ಮುಂದಿನ ತಿಂಗಳು ಎಷ್ಟು ಸರಕು ವಾಪಸ್ ಬರುತ್ತದೆ ಅನ್ನುವುದು ಅವರಿಗೆ ಗೊತ್ತಿದೆಯೇ? ನಿನಗೆ ಗೊತ್ತು. ನಿನ್ನ ಆ ಮೊದಲ ಚಿಕ್ಕ ಕೆಲಸ ಇಲ್ಲಿಂದಲೇ ಹುಟ್ಟಲಿ. ಒಬ್ಬ ಹುಡುಗನಿಗೆ ನೀನು ಲೆಕ್ಕ ಹೇಳಿಕೊಡು, ಅವನಿಂದ ಕೋಡ್ ಕಲಿ. ಚಿಕ್ಕವರಿಂದ ಕಲಿಯುವುದರಲ್ಲಿ ಮಾನ ಹೋಗುವುದೇನೂ ಇಲ್ಲ.

ಇನ್ನು, ರಾಜೀನಾಮೆ ಕೊಟ್ಟುಬಿಡಲೇ ಅಂತ ಕೇಳಿದ್ದೀಯಲ್ಲ, ಆ ಮಾತು. ಕಷ್ಟ ವಾರದಿಂದ ವಾರಕ್ಕೆ ಚೂರಾದರೂ ಕಡಿಮೆಯಾಗುತ್ತಿದ್ದರೆ ಅದು ಹೊಸತನದ ಕಷ್ಟ, ತಾಳಿಕೋ. ಆರು ತಿಂಗಳಾದರೂ ಒಂದೇ ಮಟ್ಟದಲ್ಲಿದ್ದರೆ, ಕಲಿಸುವವರೂ ಇಲ್ಲ, ಕೇಳುವವರೂ ಇಲ್ಲ ಅನ್ನುವಂತಿದ್ದರೆ, ಬೇರೆ ಕಡೆ ನೋಡು. ಎಲ್ಲರ ಮುಂದೆ ಅವಮಾನಿಸಿದರೆ, ಸುಳ್ಳು ಲೆಕ್ಕಕ್ಕೆ ಸಹಿ ಹಾಕು ಅಂದರೆ ಆರು ತಿಂಗಳೂ ಕಾಯಬೇಡ.

ಬೇರೆ ಕೆಲಸ ಹುಡುಕುವಾಗ ಆಪ್ತ ಗೆಳತಿಯರನ್ನಷ್ಟೇ ನೆಚ್ಚಬೇಡ. ಸಮಾಜವಿಜ್ಞಾನಿ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಲೇಖನದಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕವರನ್ನು ವಿಚಾರಿಸಿದ ವಿವರವಿದೆ. ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದೆವು ಅಂದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದವರಿಗೆ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವವರಿಂದ. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಹಳೆಯ ಸಹಪಾಠಿಗಳಿಗೆ, ಮೊದಲ ಕೆಲಸದಲ್ಲಿ ಜೊತೆಗಿದ್ದವರಿಗೆ ಒಂದು ಸಾಲು ಬರೆ. ಏನಾದರೂ ಬೇಕಾದಾಗಲೇ ನೆನಪಿಸಿಕೊಂಡರೆ ಅವರಿಗೂ ಬೇಸರ, ಹಾಗಾಗಿ ಈಗಲೇ ಬರೆ.

ದುಡ್ಡಿನ ವಿಚಾರವನ್ನು ಯಾರೂ ಆತ್ಮವಿಶ್ವಾಸದ ಪಟ್ಟಿಗೆ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ. ಆರು ತಿಂಗಳ ಖರ್ಚು ಕೈಯಲ್ಲಿದ್ದವರ ದನಿಯೇ ಬೇರೆ. ಮೇಲಿನವರಿಗೆ "ಇದು ಆಗುವುದಿಲ್ಲ" ಅನ್ನಲು ಆ ಉಳಿತಾಯ ಬೇಕು. ಸಂಬಳ, ಹುದ್ದೆ, ಹಿಂದಿನ ಸೇವೆಯ ವರ್ಷಗಳು ಹಾಗೇ ಮುಂದುವರಿಯುತ್ತವೆಯೇ ಅಂತ ಎಚ್.ಆರ್. ವಿಭಾಗದಿಂದ ಬರವಣಿಗೆಯಲ್ಲಿ ತೆಗೆದುಕೊಂಡಿದ್ದೀಯಾ? ಇಲ್ಲವಾದರೆ ನಾಳೆಯೇ ಕೇಳು.

ಮ್ಯಾನೇಜರ್ ಏನಂದರು, ಯಾವ ಕೆಲಸ ಆರಿಸಿಕೊಂಡೆ ಅಂತ ಬರೆ. ನಿನ್ನ ದೊಡ್ಡಮ್ಮನೂ ಕೇಳುತ್ತಿದ್ದಾಳೆ.

ಇಂತಿ ನಿನ್ನ,
ದೊಡ್ಡಪ್ಪ